ಬೀಳೋ ಮುಂಚೆಯೋ, ಬಿದ್ದ ಕೂಡಲೇಯೋ: ತಾನಾಗಿ ಜೀವ ಹಿಡಿಯುವ ಸ್ಪೆಲ್‌ಗಳಲ್ಲಿ ಯಾವುದನ್ನು ಆರಿಸಬೇಕು

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ದಾಳ ಹಾಕಿ ಪಾತ್ರವಾಗಿ ಆಡುವ ಆಟದಲ್ಲಿ ಒಂದು ಜಗಳ. ವಿಝಾರ್ಡ್‌ಗೆ (ಮಾಟಗಾರ ಪಾತ್ರಕ್ಕೆ) ಉಳಿದಿರೋದು 14 ಎಚ್‌ಪಿ, ಅಂದರೆ ಜೀವದ ಅಂಕ. ಎದುರಿಗಿರುವ ದೈತ್ಯ ಒಂದೇ ಪಾಳಿಯಲ್ಲಿ ಮೂರು ಏಟು ಹಾಕುತ್ತಾನೆ. ಮೊದಲ ಏಟಿಗೆ ವಿಝಾರ್ಡ್ ಸೊನ್ನೆಗೆ ಬಂದು ಉರುಳಿದ. ಎರಡನೆಯದು ತಾಗಿತು, ಎರಡು ಡೆತ್ ಸೇವ್ (ಸಾವು ತಪ್ಪಿಸಿಕೊಳ್ಳುವ ದಾಳ) ಸೋಲು. ಮೂರನೆಯದೂ ತಾಗಿತು, ಮತ್ತೆರಡು. ಮದ್ದಿನ ಸ್ಪೆಲ್ ಬಲ್ಲ ಕ್ಲೆರಿಕ್ ಪಕ್ಕದಲ್ಲೇ ನಿಂತಿದ್ದಾಳೆ, ಅವಳ ಹತ್ತಿರ ಸ್ಲಾಟ್‌ಗಳೂ (ಸ್ಪೆಲ್ ಹಾಕಲು ದಿನಕ್ಕೆ ಇಷ್ಟೇ ಅಂತ ಸಿಗುವ ಪಾಲು) ಇವೆ, ಆದರೆ ಅವಳ ಪಾಳಿ ಬರೋದು ದೈತ್ಯನ ನಂತರ. ಮದ್ದು ಕೈಯಲ್ಲಿದ್ದೂ ಆಳು ಹೋದ.

ತಾನಾಗಿ ಕೆಲಸ ಮಾಡುವ ಸ್ಪೆಲ್‌ಗಳು ಬೇಕಾಗೋದು ಈ ಸಂದಿಗೆ. ಹುಬ್ಬಳ್ಳಿ-ಧಾರವಾಡದ ಕಡೆ ಗಿರ್ಮಿಟ್ ಪೊಟ್ಟಣ ಬಿಚ್ಚಿಕೊಂಡು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಲು ಕೂರುವ ಟೇಬಲ್‌ಗಳಲ್ಲಿ ಜಗಳ ಏಳೋದು ಎಷ್ಟು ಎಚ್‌ಪಿ ಬಂತು ಅನ್ನುವುದಕ್ಕಲ್ಲ, ಯಾವಾಗ ಬಂತು ಅನ್ನುವುದಕ್ಕೆ. ಹಾಗಾಗಿ ಇಲ್ಲಿ ಹೋಲಿಸಿರುವುದು ಸ್ಪೆಲ್‌ನ ಬಲಕ್ಕಿಂತ ಅದು ಹೊಡೆಯುವ ಹೊತ್ತನ್ನು. ಲೆಕ್ಕವೆಲ್ಲ ಐದನೇ ಆವೃತ್ತಿಯದು. 2014ರ ನಿಯಮದ ಪುಸ್ತಕಕ್ಕೂ 2024ರದಕ್ಕೂ ವ್ಯತ್ಯಾಸ ಇರುವಲ್ಲಿ ಅಲ್ಲಲ್ಲೇ ಹೇಳಿದೆ. ಕೊನೆಯ ಕಡೆ ಪಾಥ್‌ಫೈಂಡರ್ ಅನ್ನೋ ಇದೇ ತರದ ಇನ್ನೊಂದು ಆಟದ ಎರಡನೇ ಆವೃತ್ತಿಯ ಬಗ್ಗೆ ಸ್ವಲ್ಪ ಇದೆ, ಅಲ್ಲಿ ಲೆಕ್ಕವೇ ತಿರುಗುಮುರುಗು.

ಹಾವೇರಿ, ಗದಗ ಕಡೆ ಹೊಲದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸುವುದು ಎಲ್ಲರಿಗೂ ಗೊತ್ತು. ರಾತ್ರಿ ಎಷ್ಟೊತ್ತಿಗೋ ತ್ರೀ ಫೇಸ್ ಬಂದರೆ ಮೋಟಾರು ತಾನೇ ಚಾಲೂ ಆಗುತ್ತದೆ. ನೀರು ಯಾವ ಮಡಿಗೆ ಹೊರಟಿದೆ, ಪೈಪು ಕಿತ್ತಿದೆಯೋ ಇಲ್ಲವೋ, ಅದು ಕೇಳುವುದಿಲ್ಲ. ತಾನಾಗಿ ಹೊಡೆಯುವ ಸ್ಪೆಲ್‌ನ ಗುಣವೂ ಇದೇ. ಎಲ್ಲ ವಿಚಾರ ಕೂಡಿಸುವ ಹೊತ್ತಿನಲ್ಲೇ ಮುಗಿದಿರಬೇಕು.

ಮೊದಲು ಸಾವಿನ ಲೆಕ್ಕ

ಸೊನ್ನೆಗೆ ಬಿದ್ದವನು ತನ್ನ ಪ್ರತಿ ಪಾಳಿಯ ಶುರುವಿಗೆ ಇಪ್ಪತ್ತು ಮುಖದ ದಾಳ ಹಾಕುತ್ತಾನೆ. 10 ಅಥವಾ ಮೇಲೆ ಬಂದರೆ ಒಂದು ಗೆಲುವು, ಕಡಿಮೆ ಬಂದರೆ ಒಂದು ಸೋಲು. 1 ಬಂದರೆ ಎರಡು ಸೋಲು. 20 ಬಂದರೆ 1 ಎಚ್‌ಪಿಯೊಂದಿಗೆ ಎದ್ದು ಕೂರುತ್ತಾನೆ. ಮೂರು ಗೆಲುವಿಗೆ ಸ್ಥಿರ, ಮೂರು ಸೋಲಿಗೆ ಸಾವು.

ಯಾರೂ ಮುಟ್ಟದೆ, ಯಾರೂ ಮದ್ದು ಕೊಡದೆ ಬಿಟ್ಟರೆ ಸಾಯುವ ಸಂಭವ ಸುಮಾರು ಶೇ. 40.5. ಅಂದರೆ ಸುಮ್ಮನೆ ಬಿದ್ದಿರುವುದು ಅಷ್ಟೊಂದು ಅಪಾಯವಲ್ಲ. ಆದರೆ ಬಿದ್ದವನ ಮೇಲೆ 5 ಅಡಿ ಒಳಗಿನಿಂದ ಹೊಡೆದ ಯಾವ ಏಟು ತಾಗಿದರೂ ಅದು ಕ್ರಿಟ್ (ಇಮ್ಮಡಿ ಪೆಟ್ಟು), ಕ್ರಿಟ್ ಅಂದರೆ ಎರಡು ಸೋಲು. ಎರಡು ಸೋಲು ಹೊತ್ತು ದಾಳಕ್ಕೆ ಕೂತವನು ಸಾಯುವ ಸಂಭವ ಶೇ. 78.75. ದೂರದ ಬಾಣ ತಾಗಿದರೆ ಸಾಮಾನ್ಯವಾಗಿ ಒಂದೇ ಸೋಲು, ಆಗ ಶೇ. 58.25. ಇದನ್ನು ಯಾರು ಬೇಕಾದರೂ ಹಾಳೆಯ ಮೇಲೆ ಕೂಡಿಸಿ ನೋಡಬಹುದು.

ಈ ಮೂರು ಅಂಕಿಯಲ್ಲೇ ಉತ್ತರ ಅಡಗಿದೆ. ಆಳನ್ನು ಕೊಲ್ಲೋದು ಬೀಳುವಿಕೆಯಲ್ಲ, ಬಿದ್ದ ಮೇಲೆ ಅದೇ ಪಾಳಿಯಲ್ಲಿ ಬರುವ ಎರಡನೇ, ಮೂರನೇ ಏಟು. ಅವುಗಳ ನಡುವೆ ನುಗ್ಗಬಲ್ಲ ಸ್ಪೆಲ್‌ಗೆ ಬೆಲೆ ಹೆಚ್ಚು, ನುಗ್ಗಲಾರದ್ದಕ್ಕೆ ಕಡಿಮೆ. ನಿಮ್ಮ ಡಿಎಮ್ (ಆಟ ನಡೆಸುವವರು) ಬಿದ್ದವರನ್ನು ಹೊಡೆಯದ ಸ್ವಭಾವದವರಾದರೆ ಈ ಲೇಖನದ ಅರ್ಧ ನಿಮಗೆ ಬೇಕಾಗಿಲ್ಲ. ಮೊದಲ ದಿನವೇ ಕೇಳಿಬಿಡಿ: "ನಿಮ್ಮ ರಾಕ್ಷಸರು ಬಿದ್ದೋರಿಗೆ ಹೊಡೀತಾರೇನ್ರಿ?"

ಡೆತ್ ವಾರ್ಡ್: ಬೀಳೋ ಮುಂಚೆ

ನಾಲ್ಕನೇ ಮಟ್ಟದ ಸ್ಪೆಲ್ (ಇಲ್ಲಿ ಮಟ್ಟ ಅಂದರೆ ಸ್ಪೆಲ್‌ದು, ಲೆವೆಲ್ ಅಂದರೆ ಪಾತ್ರದ್ದು). ಕ್ಲೆರಿಕ್‌ಗೆ 7ನೇ ಲೆವೆಲ್‌ನಲ್ಲಿ, ಪ್ಯಾಲಡಿನ್‌ಗೆ (ದೈವಬಲದ ಯೋಧನಿಗೆ) 13ರಲ್ಲಿ ಸಿಗುತ್ತದೆ. ಮುಟ್ಟಿ ಹಾಕಬೇಕು, 8 ತಾಸು ಇರುತ್ತದೆ, ಕಾನ್ಸಂಟ್ರೇಶನ್ (ಒಂದು ಸಲಕ್ಕೆ ಒಂದೇ ಸ್ಪೆಲ್ ಮೇಲೆ ಇಡಬಹುದಾದ ಗಮನ) ಬೇಡ, ದುಬಾರಿ ಸಾಮಗ್ರಿ ಬೇಡ. ಮೊದಲ ಸಲ ಸೊನ್ನೆಗೆ ಇಳಿಯಬೇಕಾದಾಗ ಅದರ ಬದಲು 1ಕ್ಕೆ ನಿಲ್ಲುತ್ತಾನೆ, ಸ್ಪೆಲ್ ಮುಗಿಯುತ್ತದೆ.

ಈ "ಬದಲು" ಅನ್ನುವ ಮಾತನ್ನು ಎರಡು ಸಲ ಓದಿ. ಬಿದ್ದು ಏಳುವುದಲ್ಲ, ಬೀಳುವುದೇ ಇಲ್ಲ. ಕೈಯಲ್ಲಿದ್ದ ಕೋಲು ಕೆಳಗೆ ಬೀಳದು, ನೆಲಕ್ಕೆ ಮಲಗುವುದಿಲ್ಲ. ನಡೆಸುತ್ತಿದ್ದ ಕಾನ್ಸಂಟ್ರೇಶನ್ ಕೂಡ ತಾನಾಗಿ ಹರಿಯದು. ಎಂದಿನ ಹಾಗೆ ಕಾನ್‌ಸ್ಟಿಟ್ಯೂಶನ್ ಸೇವ್ (ಮೈತಾಕತ್ತಿನ ದಾಳ) ಗೆದ್ದರೆ ಉಳಿಯುತ್ತದೆ. ಒಮ್ಮೆಲೇ ಸಾಯಿಸುವ ಭಾರಿ ಏಟಿನ ನಿಯಮಕ್ಕೂ ಇದು ಅಡ್ಡ ನಿಲ್ಲುತ್ತದೆ. ಗರಿಷ್ಠ 60 ಎಚ್‌ಪಿ ಇರುವವನಿಗೆ 14 ಉಳಿದಿದ್ದಾಗ 80ರ ಏಟು ಬಿತ್ತು ಅನ್ನಿ. ಮಿಕ್ಕ 66 ಗರಿಷ್ಠಕ್ಕಿಂತ ಹೆಚ್ಚು, ಹಾಗಾಗಿ ಡೆತ್ ಸೇವ್ ಮಾತೇ ಇಲ್ಲದೆ ಸಾವು. ಡೆತ್ ವಾರ್ಡ್ ಇದ್ದರೆ ಅವನು ಸೊನ್ನೆಗೇ ಹೋಗಿಲ್ಲವಾದ್ದರಿಂದ ಆ ನಿಯಮ ಶುರುವೇ ಆಗುವುದಿಲ್ಲ. ಹಾಫ್-ಆರ್ಕ್ ಕುಲದ ಪಾತ್ರಗಳಿಗಿರುವ ರಿಲೆಂಟ್‌ಲೆಸ್ ಎಂಡ್ಯೂರೆನ್ಸ್ ಅನ್ನುವ ಗುಣ ನೋಡಲು ಇದರ ತಮ್ಮನ ಹಾಗಿದ್ದರೂ ಇಲ್ಲಿ ಕೈ ಕೊಡುತ್ತದೆ: ಪೂರ್ತಿ ಸತ್ತುಹೋಗದಿದ್ದರೆ ಮಾತ್ರ ಅಂತ ಅದರಲ್ಲೇ ಬರೆದಿದೆ. ಪವರ್ ವರ್ಡ್ ಕಿಲ್ ತರದ, ಏಟಿಲ್ಲದೆ ಕೊಲ್ಲುವ ಸ್ಪೆಲ್ಲನ್ನೂ ಡೆತ್ ವಾರ್ಡ್ ಒಂದು ಸಲ ನುಂಗುತ್ತದೆ.

2014ರ ಪುಸ್ತಕದಲ್ಲಿ ಒಂದು ತೂತಿದೆ. ಅಲ್ಲಿರುವ ಮಾತು "ಏಟಿನಿಂದಾಗಿ ಸೊನ್ನೆಗೆ ಇಳಿದಾಗ" ಅಂತ. ಬ್ಯಾನ್ಶಿ ಅನ್ನುವ ಪ್ರೇತದ ಚೀರಾಟ ಏಟು ಕೊಡುವುದಿಲ್ಲ, ಸೇವ್ ಸೋತವರನ್ನು ನೇರ ಸೊನ್ನೆಗೆ ಇಳಿಸುತ್ತದೆ, ಕೊಲ್ಲುವುದೂ ಇಲ್ಲ. ಹಾಗಾಗಿ ಎರಡೂ ಷರತ್ತಿನ ಹೊರಗೆ ಉಳಿದು ವಾರ್ಡ್ ಇದ್ದವನೂ ಉರುಳುತ್ತಾನೆ. 2024ರಲ್ಲಿ ಏಟಿನ ಮಾತು ತೆಗೆದಿದ್ದಾರೆ, ತೂತು ಮುಚ್ಚಿದೆ.

ಇದರ ದೌರ್ಬಲ್ಯ ಆ 1 ಎಚ್‌ಪಿ. ಮೊದಲಿನ ದೈತ್ಯನ ಲೆಕ್ಕಕ್ಕೆ ಬರೋಣ: ಮೊದಲ ಏಟಿಗೆ 1ಕ್ಕೆ ನಿಂತ, ಎರಡನೆಯದಕ್ಕೆ ಸೊನ್ನೆ, ಮೂರನೆಯದಕ್ಕೆ ಎರಡು ಸೋಲು. ಜೀವ ಇದೆ, ಆದರೆ ಶೇ. 78.75ರ ಕುಣಿಕೆ ಕೊರಳಲ್ಲಿದೆ. ಮೂರು ಏಟಿನ ವೈರಿಗೆ ವಾರ್ಡ್ ಒಂದು ಏಟಿನ ಸಾಲ ಅಷ್ಟೇ.

ಯಾರಿಗೆ ಹಾಕಬೇಕು? 7ನೇ ಲೆವೆಲ್ ಕ್ಲೆರಿಕ್‌ಗೆ ನಾಲ್ಕನೇ ಮಟ್ಟದ ಸ್ಲಾಟ್ ಒಂದೇ. ಬಹಳ ಟೇಬಲ್‌ಗಳಲ್ಲಿ ಅದು ಮುಂದೆ ನಿಲ್ಲುವ ಫೈಟರ್‌ಗೆ ಹೋಗುತ್ತದೆ. ನಮ್ಮ ಪ್ರಕಾರ ಅದು ತಪ್ಪು. ಕ್ಲೆರಿಕ್ ತನಗೇ ಹಾಕಿಕೊಳ್ಳಬೇಕು. ಫೈಟರ್ ಬಿದ್ದರೆ ಎಬ್ಬಿಸಲು ಕ್ಲೆರಿಕ್ ಇದ್ದಾಳೆ, ಕ್ಲೆರಿಕ್ ಬಿದ್ದರೆ ಎಬ್ಬಿಸುವವರೇ ಇಲ್ಲ. ಸ್ವಾರ್ಥ ಅನ್ನಿಸಿದರೂ ಪಂಗಡದ ಲೆಕ್ಕದಲ್ಲಿ ಲಾಭ. 9ನೇ ಲೆವೆಲ್‌ಗೆ ಆ ಸ್ಲಾಟ್ ಮೂರಾಗುತ್ತವೆ, ಆಮೇಲೆ ಹಂಚಿ.

ಕಂಟಿಂಜೆನ್ಸಿ: ನೀವು ಬರೆದುಕೊಟ್ಟ ಹೊತ್ತಿಗೆ

ಆರನೇ ಮಟ್ಟದ ವಿಝಾರ್ಡ್ ಸ್ಪೆಲ್, ಅಂದರೆ 11ನೇ ಲೆವೆಲ್. ಇನ್ನೊಂದು ಸ್ಪೆಲ್ಲನ್ನು ಮೊದಲೇ ಕೂಡಿಸಿಟ್ಟು, ನೀವು ಬರೆದ ಷರತ್ತು ಈಡೇರಿದಾಗ ತಾನಾಗಿ ಹೊಡೆಸುತ್ತದೆ. ಹಾಕಲು 10 ನಿಮಿಷ, ಇರೋದು 10 ದಿನ. 1,500 ಚಿನ್ನದ ನಾಣ್ಯ ಬೆಲೆಯ, ಹರಳು ಕೂರಿಸಿದ ನಿಮ್ಮದೇ ಪುಟ್ಟ ಮೂರ್ತಿ ಬೇಕು. ಮೂರ್ತಿ ಖರ್ಚಾಗುವುದಿಲ್ಲ, ಆದರೆ ಮೈಮೇಲೆ ಇಲ್ಲವಾದ ಕ್ಷಣ ಸ್ಪೆಲ್ ಮುಗಿಯುತ್ತದೆ. ಜೊತೆಗೆ ಕೂಡಿಸುವ ಸ್ಪೆಲ್ ಐದನೇ ಮಟ್ಟ ಅಥವಾ ಕೆಳಗಿನದಾಗಿರಬೇಕು, ಒಂದು ಆಕ್ಶನ್‌ನಲ್ಲಿ (ಪಾಳಿಯ ಮುಖ್ಯ ಕೆಲಸದಲ್ಲಿ) ಹಾಕುವಂಥದ್ದಾಗಿರಬೇಕು, ನಿಮ್ಮನ್ನೇ ಗುರಿ ಮಾಡಬಲ್ಲದ್ದಾಗಿರಬೇಕು, ನೀವೇ ಹಾಕಬಲ್ಲದ್ದಾಗಿರಬೇಕು. ಒಂದು ಸಲಕ್ಕೆ ಒಂದೇ ಕಂಟಿಂಜೆನ್ಸಿ.

ಈ ಷರತ್ತುಗಳಲ್ಲೇ ಅರ್ಧ ಆಸೆ ಉದುರಿಹೋಗುತ್ತದೆ. ಹೀಲಿಂಗ್ ವರ್ಡ್ ಬೋನಸ್ ಆಕ್ಶನ್ (ಪಾಳಿಯ ಹೆಚ್ಚುವರಿ ಚಿಕ್ಕ ಕೆಲಸ), ಕೂಡಿಸಲು ಬರುವುದಿಲ್ಲ. 70 ಎಚ್‌ಪಿ ಕೊಡುವ ಹೀಲ್ ಆರನೇ ಮಟ್ಟದ್ದು, ಅದೂ ಹೊರಗೆ. ಉಳಿಯೋದು ಮುಟ್ಟಿ ಗಾಯ ಮಾಯಿಸುವ ಕ್ಯೂರ್ ವೂಂಡ್ಸ್, ಅದು ವಿಝಾರ್ಡ್ ಪಟ್ಟಿಯಲ್ಲೇ ಇಲ್ಲ. ದಾರಿ ಎರಡು. ಒಂದು, ಕ್ಲೆರಿಕ್ 1, ವಿಝಾರ್ಡ್ 11 ಅಂತ ಬೆರೆಸಿದ 12ನೇ ಲೆವೆಲ್‌ನ ಪಾತ್ರ. ಇನ್ನೊಂದು, ಮ್ಯಾಜಿಕಲ್ ಸೀಕ್ರೆಟ್ಸ್ (ಬೇರೆ ಪಟ್ಟಿಯ ಸ್ಪೆಲ್ ಕಲಿಯುವ ವಿದ್ಯೆ) ಮೂಲಕ ಕಂಟಿಂಜೆನ್ಸಿ ಕದ್ದ ಬಾರ್ಡ್ (ಹಾಡುಗಾರ ಪಾತ್ರ). 2014ರಲ್ಲಿ ಅದಕ್ಕೆ 14ನೇ ಲೆವೆಲ್ ತನಕ ಕಾಯಬೇಕು, 2024ರಲ್ಲಿ 11ಕ್ಕೇ ಆಗುತ್ತದೆ.

ಕ್ಯೂರ್ ವೂಂಡ್ಸನ್ನು ಐದನೇ ಮಟ್ಟದ ಸ್ಲಾಟ್‌ನಿಂದ ಕೂಡಿಸಿದರೆ 2014ರಲ್ಲಿ ಎಂಟು ಮುಖದ ದಾಳ ಐದು, ಸರಾಸರಿ 22.5, 2024ರಲ್ಲಿ ದಾಳ ಹತ್ತು, ಸರಾಸರಿ 45. ಅದರ ಮೇಲೆ ನಿಮ್ಮ ಸ್ಪೆಲ್ ಸಾಮರ್ಥ್ಯದ ಅಂಕ. ಮೂರು ಏಟಿನ ದೈತ್ಯನ ಮುಂದೆ 1 ಎಚ್‌ಪಿಗೂ ಇದಕ್ಕೂ ಅಜಗಜಾಂತರ. ಸ್ಲಾಟ್ ಎರಡು ಖರ್ಚಾಗುತ್ತವೆ, ಒಂದು ಆರನೆಯದು, ಒಂದು ಐದನೆಯದು. ಹಾಗಾಗಿ ಮಲಗುವ ಮುಂಚೆ ಹಾಕಿ. ಬೆಳಿಗ್ಗೆ ಸ್ಲಾಟ್ ವಾಪಸ್, ಸ್ಪೆಲ್ ಇನ್ನೂ ಒಂಬತ್ತು ದಿನಕ್ಕೂ ಮಿಕ್ಕಿ ಇರುತ್ತದೆ. ಡೆತ್ ವಾರ್ಡ್‌ಗೆ ಈ ಉಪಾಯ ನಡೆಯುವುದಿಲ್ಲ: 8 ತಾಸಿನ ನಿದ್ದೆಯಲ್ಲೇ ಅದರ ಆಯಸ್ಸು ಮುಗಿದಿರುತ್ತದೆ.

ಇದು ಹೊಡೆಯುವುದು ಷರತ್ತು ಈಡೇರಿದ "ಕೂಡಲೇ ನಂತರ". ಬದಲಲ್ಲ, ನಂತರ. ಸೊನ್ನೆಗೆ ಬಂದಾಗ ಅಂತ ಬರೆದಿದ್ದರೆ ನೀವು ನಿಜವಾಗಿ ಸೊನ್ನೆಗೆ ಬರುತ್ತೀರಿ, ಪ್ರಜ್ಞೆ ತಪ್ಪುತ್ತದೆ, ಕೋಲು ಕೈಬಿಡುತ್ತದೆ, ಮಲಗುತ್ತೀರಿ, ಕಾನ್ಸಂಟ್ರೇಶನ್ ಹರಿಯುತ್ತದೆ. ಮರುಕ್ಷಣ 25-50 ಎಚ್‌ಪಿಯೊಂದಿಗೆ ಕಣ್ಣು ಬಿಡುತ್ತೀರಿ, ಆದರೆ ಇನ್ನೂ ನೆಲದ ಮೇಲೆ. ದೈತ್ಯನ ಉಳಿದ ಎರಡು ಏಟಿಗೆ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು) ಸಿಗುತ್ತದೆ. ಎದ್ದು ನಿಲ್ಲಲು ನಿಮ್ಮ ಪಾಳಿಯಲ್ಲಿ ಅರ್ಧ ನಡಿಗೆ ಹೋಯಿತು. ಇನ್ನು ಭಾರಿ ಏಟಿಗೆ ಒಮ್ಮೆಲೇ ಸತ್ತರೆ ಕ್ಯೂರ್ ವೂಂಡ್ಸ್‌ಗೆ ಕೆಲಸವೇ ಇಲ್ಲ, ಹೆಣಕ್ಕೆ ಅದು ತಾಗದು.

ಷರತ್ತಿನ ಮಾತು ಕನ್ನಡದಲ್ಲಿ ಬರೆಯುವಾಗ

ಅತಿ ಹೆಚ್ಚು ಕಂಟಿಂಜೆನ್ಸಿಗಳು ಹಾಳಾಗುವುದು ಇಲ್ಲಿ. ಇಂಗ್ಲಿಷ್ ಪುಸ್ತಕದ ಮಾತನ್ನು ಬಿಟ್ಟು ನಮ್ಮ ಬಾಯಿಮಾತಿನಲ್ಲಿ ಹೇಳಿದಾಗ ತೂತುಗಳು ಬೇರೆಯೇ ಇರುತ್ತವೆ.

"ನಾನು ಬಿದ್ದಾಗ" ಅನ್ನೋದು ಎಲ್ಲರೂ ಮೊದಲು ಬರೆಯುವ ಮಾತು, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ನಮ್ಮಲ್ಲಿ ಸೊನ್ನೆಗೆ ಬಂದರೂ ಬಿದ್ದ, ಎಡವಿದರೂ ಬಿದ್ದ. ನಿಮ್ಮ ಡಿಎಮ್ ಲಕ್ಕುಂಡಿಯ ಬಾವಿಗಳನ್ನು ನೋಡಿಕೊಂಡು ಪಾತಾಳದ ನಕ್ಷೆ ಬರೆದಿದ್ದಾರೆ, ಪಾವಟಿಗೆ ಪಾಚಿ ಹಿಡಿದಿದೆ, ಡೆಕ್ಸ್ಟೆರಿಟಿ ಸೇವ್ ಸೋತಿರಿ. "ಏನಲೇ, ಕಾಲು ಜಾರಿದ್ದಕ್ಕ ಅದು ಹೊಡಿಯೋದೇನು?" "ಬಿದ್ದಾಗ ಅಂತ ನೀನ ಬರದಿ, ಬಿದ್ದಿ, ಮುಗೀತು." ಡಿಎಮ್ ಹೇಳಿದ್ದು ಸರಿ. ಷರತ್ತು ಮೊದಲ ಸಲ ಈಡೇರಿದ ಕೂಡಲೇ, ನಿಮಗೆ ಬೇಕಿದ್ದರೂ ಬೇಡವಾದರೂ, ಅದು ಹೊಡೆಯಲೇಬೇಕು.

"ಎಚ್ಚರ ತಪ್ಪಿದಾಗ" ಅಂತ ಬರೆದರೆ ಮೊದಲ ರಾತ್ರಿಯೇ ಸಮಸ್ಯೆ. ನಿದ್ದೆಯೂ ನಿಯಮದ ಕಣ್ಣಲ್ಲಿ ಪ್ರಜ್ಞೆ ಇಲ್ಲದ ಸ್ಥಿತಿ. ಮಲಗುವ ಮುಂಚೆ ಹಾಕಿದ ಸ್ಪೆಲ್ ಗೊರಕೆಗೆ ಹೊಡೆದು ಮುಗಿದಿರುತ್ತದೆ. ಅದು ತಪ್ಪಿದರೆ ಶತ್ರುವಿನ ಸ್ಲೀಪ್ ಸ್ಪೆಲ್ ಇದ್ದೇ ಇದೆ.

"ರಕ್ತ ಸುರಿದು ಕುಸಿದಾಗ" ಅನ್ನೋದು ಕೇಳಲು ಚೆಂದ; ವಿಷಕ್ಕೆ, ಚಳಿಗೆ, ಮನಸ್ಸಿನ ಏಟಿಗೆ ರಕ್ತ ಸುರಿಯುವುದಿಲ್ಲ. "ಉಸಿರು ನಿಂತಾಗ" ಅಂದರೆ ನೀರಲ್ಲಿ ಉಸಿರು ಬಿಗಿಹಿಡಿದರೂ ನಿಂತ ಹಾಗೆಯೇ. ನಿಜವಾಗಿ ನಿಂತಾಗ ಅಂತ ವಾದಿಸಿದರೆ ಸತ್ತ ಮೇಲಿನ ಮಾತಾಯಿತು. "ಜೀವ ಹೋಗೋ ಹೊತ್ತಿಗೆ" ಇನ್ನೂ ಗೋಜಲು. "ಬಸ್ ಬರೋ ಹೊತ್ತಿಗೆ ಬಾ" ಅಂದರೆ ಬಸ್ಸಿಗಿಂತ ಮುಂಚೆ ಬಾ ಅಂತ ಅರ್ಥ. "ನಾ ಹೋಗೋ ಹೊತ್ತಿಗೆ ಅಂಗಡಿ ಮುಚ್ಚಿತ್ತು" ಅಂದಾಗ ಹೋಗಿ ಮುಟ್ಟಿದ ಮೇಲಿನ ಮಾತು. ಹೊತ್ತಿಗೆ ಅನ್ನುವ ಪದ ಎರಡೂ ಕಡೆ ವಾಲುತ್ತದೆ, ಷರತ್ತಿನಲ್ಲಿ ಅದು ಬೇಡವೇ ಬೇಡ. "ಆದಾಗ" ಕೂಡ ಸಡಿಲ. "ಕೂಡಲೇ" ಬಿಗಿ.

ಮೂರನೇ ಡೆತ್ ಸೇವ್ ಸೋಲು, 0 ಎಚ್‌ಪಿ ಇಂಥ ಮಾತುಗಳನ್ನು ಕೆಲವು ಡಿಎಮ್‌ಗಳು ಒಪ್ಪುವುದಿಲ್ಲ, ಪಾತ್ರಕ್ಕೆ ಅವು ಗೊತ್ತಿಲ್ಲ ಅನ್ನುತ್ತಾರೆ. ನ್ಯಾಯವೇ. ಪಾತ್ರಕ್ಕೆ ತಿಳಿಯುವ ಹಾಗೆ, ಆದರೆ ಬಿಗಿಯಾಗಿ ಬರೆಯಿರಿ: "ಏಟಿನಿಂದಾಗಲಿ, ಮಾಟದಿಂದಾಗಲಿ ನನ್ನ ದೇಹ ಸಾವು-ಬದುಕಿನ ನಡುವಿನ ಸ್ಥಿತಿಗೆ ಇಳಿದ ಕೂಡಲೇ." ನಿದ್ದೆ, ಎಡವುವುದು, ಸ್ಲೀಪ್ ಎಲ್ಲ ಹೊರಗುಳಿದವು, ಬ್ಯಾನ್ಶಿ ಒಳಗೆ ಬಂತು. ಬರೆದ ಮೇಲೆ ಡಿಎಮ್‌ಗೆ ತೋರಿಸಿ, "ಇದು ಸೊನ್ನೆ ಎಚ್‌ಪಿ ಅಂತಲೇ ಅರ್ಥ, ಹೌದಲ್ಲ?" ಅಂತ ಕೇಳಿ ಹೂಂ ಅನ್ನಿಸಿಕೊಳ್ಳಿ. ಬಾಯಿಮಾತಿನ ಸಂಕೇತ ಇಡುವ ಚಟ ಕೆಲವರಿಗಿದೆ, "ನಾನು ಹರ ಹರ ಅಂದ ಕೂಡಲೇ" ಅಂತ. ಪ್ರಜ್ಞೆ ತಪ್ಪಿದವನು ಏನನ್ನೂ ಅನ್ನಲಾರ.

ಅರ್ಧಕ್ಕೇ ಹೊಡೆಸಿದರೆ?

ಬೀಳುವ ತನಕ ಕಾಯುವುದೇಕೆ, ಅರ್ಧ ಎಚ್‌ಪಿಗೇ ಇಡೋಣ ಅನ್ನುವವರಿದ್ದಾರೆ. ಕ್ಯೂರ್ ವೂಂಡ್ಸ್ ಆದರೆ ಇದು ದಂಡ. ಸೊನ್ನೆಯ ಕೆಳಗೆ ಎಚ್‌ಪಿ ಇಳಿಯುವುದಿಲ್ಲ. 14 ಇದ್ದವನಿಗೆ 40ರ ಏಟು ಬಿದ್ದರೆ 26 ಗಾಳಿಗೆ ಹೋಗುತ್ತದೆ. ಮದ್ದನ್ನು ಮುಂಚೆ ಕೊಟ್ಟರೆ ಆ 26ನ್ನು ಮದ್ದು ಹೊರುತ್ತದೆ, ನಂತರ ಕೊಟ್ಟರೆ ಆಟದ ನಿಯಮವೇ ಹೊರುತ್ತದೆ. ಜೊತೆಗೆ ಗೆಲ್ಲುವ ಜಗಳದಲ್ಲೂ ಅರ್ಧ ಎಚ್‌ಪಿ ಆಗಿಯೇ ಆಗುತ್ತದೆ, ಸ್ಪೆಲ್ ಸುಮ್ಮನೆ ಹೋಗುತ್ತದೆ.

ಪ್ರಾಣಿಯ ರೂಪ ಕೊಡುವ ಪಾಲಿಮಾರ್ಫ್ ಆದರೆ ಮಾತು ಬೇರೆ. ಸೊನ್ನೆ ಎಚ್‌ಪಿ ಇರುವವರಿಗೆ ಅದು ತಾಗುವುದೇ ಇಲ್ಲ ಅಂತ 2014ರಲ್ಲಿ ಬರೆದಿದೆ. ಸೊನ್ನೆಗೆ ಕೂಡಿಸಿದರೆ ಎರಡೂ ಸ್ಲಾಟ್ ನೀರಿಗೆ. ಅದನ್ನು ಅರ್ಧಕ್ಕೇ ಕೂಡಿಸಬೇಕು. ಆಗ 2014ರ ಲೆಕ್ಕದಲ್ಲಿ ವಿಝಾರ್ಡ್ 157 ಎಚ್‌ಪಿಯ ದೈತ್ಯ ವಾನರನಾಗುತ್ತಾನೆ, ಅದೆಲ್ಲ ಕರಗಿದ ಮೇಲೆ ತನ್ನ ಹಳೆಯ ಎಚ್‌ಪಿಗೆ ಮರಳುತ್ತಾನೆ. ಬರೀ ಅಂಕಿಯಲ್ಲಿ ನೋಡಿದರೆ ಯಾವ ಕ್ಯೂರ್ ವೂಂಡ್ಸೂ ಇದರ ಹತ್ತಿರ ಬರದು, ವಿಝಾರ್ಡ್‌ಗೆ ಬೇರೆ ಕ್ಲಾಸಿನ ಹಂಗೂ ಬೇಡ. ಬೆಲೆ ಇಷ್ಟೇ: ವಾನರ ಸ್ಪೆಲ್ ಹಾಕಲಾರ, ಮತ್ತು ಪಾಲಿಮಾರ್ಫ್‌ಗೆ ಕಾನ್ಸಂಟ್ರೇಶನ್ ಬೇಕಾದ್ದರಿಂದ ನಡೆಸುತ್ತಿದ್ದ ಗೋಡೆಯೋ ಮೋಡವೋ ಆ ಕ್ಷಣ ಮಾಯ. ಅದೇ ಗೋಡೆ ಪಂಗಡವನ್ನು ಕಾಯುತ್ತಿದ್ದರೆ ಆ ವಿಝಾರ್ಡ್‌ಗೆ ಪಾಲಿಮಾರ್ಫ್ ಬೇಡ. ಗೋಡೆ ಗೀಡೆ ಇಲ್ಲದ, ಬೆಂಕಿ ಎಸೆಯುವ ವಿಝಾರ್ಡ್‌ಗೆ ಇದೇ ಮೊದಲ ಆಯ್ಕೆ.

ಪಾಳಿಯ ಶುರುವಿಗೆ ಹೊಡೆಯುವವು

ಆರಾ ಆಫ್ ಲೈಫ್ ನಾಲ್ಕನೇ ಮಟ್ಟ, ಪ್ಯಾಲಡಿನ್‌ದು. 2024ರಲ್ಲಿ ಕ್ಲೆರಿಕ್‌ಗೂ ಕೊಟ್ಟಿದ್ದಾರೆ. 10 ನಿಮಿಷ, ಕಾನ್ಸಂಟ್ರೇಶನ್, ಸುತ್ತ 30 ಅಡಿ. ಸೊನ್ನೆಯಲ್ಲಿರುವ ನಿಮ್ಮವರು ಆ ವಲಯದಲ್ಲಿ ಪಾಳಿ ಶುರು ಮಾಡಿದರೆ 1 ಎಚ್‌ಪಿ. ಡೆತ್ ಸೇವ್ ಕೂಡ ಪಾಳಿಯ ಶುರುವಿಗೇ ಬರುತ್ತದಲ್ಲ, ಯಾವುದು ಮೊದಲು? ಒಂದೇ ಹೊತ್ತಿಗೆ ಎರಡು ಆದರೆ ಯಾರ ಪಾಳಿಯೋ ಅವರೇ ಕ್ರಮ ಹೇಳಬಹುದು. ಆರಾ ಮೊದಲು ಅನ್ನಿ, ಸೇವ್ ಹಾಕುವ ಪ್ರಮೇಯವೇ ಬರದು.

ಇಡೀ ಪಂಗಡಕ್ಕೆ, ಎಷ್ಟು ಸಲ ಬೇಕಾದರೂ. ಇದಕ್ಕಿಂತ ಉದಾರ ಸ್ಪೆಲ್ ಇಲ್ಲ. ಆದರೆ ಮೊದಲು ಹೇಳಿದ ಸಂದಿಯನ್ನು ಇದು ಮುಚ್ಚುವುದಿಲ್ಲ. ದೈತ್ಯನ ಎರಡನೇ, ಮೂರನೇ ಏಟು ನಿಮ್ಮ ಪಾಳಿಗಿಂತ ಮುಂಚೆಯೇ ಬಿದ್ದಿರುತ್ತವೆ. ಹೆಚ್ಚು ಜನ ಸಣ್ಣ ಶತ್ರುಗಳು ಚದುರಿ ಹೊಡೆಯುವ ಜಗಳಕ್ಕೆ ಆರಾ, ಒಬ್ಬನೇ ದೊಡ್ಡ ಶತ್ರುವಿಗೆ ವಾರ್ಡ್. ಇನ್ನೊಂದು: ಆರಾ ಹಾಕಿದ ಪ್ಯಾಲಡಿನ್ ತಾನೇ ಸೊನ್ನೆಗೆ ಬಂದರೆ ಕಾನ್ಸಂಟ್ರೇಶನ್ ಹೋಯಿತು, ಆರಾ ಆರಿತು, ಅವನಿಗೇ ಅದು ಸಿಗುವುದಿಲ್ಲ. ಆರಾ ಹಾಕುವವನ ಮೇಲೆ ಡೆತ್ ವಾರ್ಡ್ ಇದ್ದರೆ ಜೋಡಿ ಸರಿಹೋಗುತ್ತದೆ.

ಏಳನೇ ಮಟ್ಟದ ರೀಜನರೇಟ್ ಇದೇ ಹೊತ್ತಿಗೆ ಹೊಡೆಯುತ್ತದೆ, ಒಂದು ತಾಸು, ಪ್ರತಿ ಪಾಳಿಗೆ 1, ಕಾನ್ಸಂಟ್ರೇಶನ್ ಇಲ್ಲದೆ. ಪೆರಿಯಾಪ್ಟ್ ಆಫ್ ವೂಂಡ್ ಕ್ಲೋಶರ್ ಅನ್ನುವ ತಾಯಿತ 2014ರ ನಿಯಮದಲ್ಲಿ ಪಾಳಿಯ ಶುರುವಿಗೆ ಸ್ಥಿರ ಮಾಡುತ್ತದೆ ಅಷ್ಟೇ, ಎಬ್ಬಿಸುವುದಿಲ್ಲ. ಸ್ಥಿರವಾದಾಗ ಹಳೆಯ ಸೋಲುಗಳು ಅಳಿಯುತ್ತವೆ, ಅದೇ ಅದರ ಲಾಭ. ಕೆಳ ಲೆವೆಲ್‌ನಲ್ಲಿ ಸಿಕ್ಕರೆ ಬಿಡಬೇಡಿ.

ತಾನಾಗಿ ಅಲ್ಲದಿದ್ದರೂ ಹತ್ತಿರದ್ದು

7ನೇ ಲೆವೆಲ್‌ಗಿಂತ ಕೆಳಗೆ ಮೇಲಿನ ಸ್ಪೆಲ್‌ಗಳು ಯಾವುವೂ ಇಲ್ಲ. ಇರೋದು ಹೀಲಿಂಗ್ ವರ್ಡ್: ಬೋನಸ್ ಆಕ್ಶನ್, 60 ಅಡಿ ದೂರದಿಂದ. ಇಲ್ಲಿ ಹೊತ್ತು ಅಂದರೆ ಪಾಳಿಯ ಕ್ರಮ. ಕ್ಲೆರಿಕ್‌ನ ಪಾಳಿ ಬಿದ್ದವನ ಪಾಳಿಗಿಂತ ಸ್ವಲ್ಪ ಮುಂಚೆ, ನಡುವೆ ಶತ್ರು ಇಲ್ಲದೆ ಬಂದರೆ ಅದು ಸುಯೋಗ. ಎದ್ದವನು ಮತ್ತೆ ಬೀಳುವ ಮುಂಚೆ ತನ್ನ ಪಾಳಿ ಆಡಿಬಿಡುತ್ತಾನೆ. ನಡುವೆ ಇಬ್ಬರು ಶತ್ರುಗಳಿದ್ದರೆ ಎಬ್ಬಿಸಿದ ಅಲ್ಪಸ್ವಲ್ಪ ಎಚ್‌ಪಿ ಅವರ ಪಾಲು.

ಕ್ಯೂರ್ ವೂಂಡ್ಸನ್ನು ರೆಡಿ ಆಕ್ಶನ್‌ನಲ್ಲಿ (ಷರತ್ತು ಹೇಳಿ ಕೆಲಸ ಕಾಯ್ದಿಡುವುದು) ಹಿಡಿದಿಟ್ಟು "ಅವನು ಸೊನ್ನೆಗೆ ಬಂದ ಕೂಡಲೇ" ಅನ್ನಬಹುದು. ಆಗ ದೈತ್ಯನ ಏಟುಗಳ ನಡುವೆಯೇ ರಿಯಾಕ್ಶನ್ (ಬೇರೆಯವರ ಪಾಳಿಯಲ್ಲೂ ಮಾಡಬಹುದಾದ ಕೆಲಸ) ಆಗಿ ಹೊಡೆಯುತ್ತದೆ, ಬಡವರ ಕಂಟಿಂಜೆನ್ಸಿ ಅನ್ನಿ. ಹಿಡಿದಿಡಲು ಕಾನ್ಸಂಟ್ರೇಶನ್ ಬೇಕು, ಮುಟ್ಟುವಷ್ಟು ಹತ್ತಿರ ಇರಬೇಕು, ಬಳಸದಿದ್ದರೂ ಸ್ಲಾಟ್ ಹೋಯಿತು. ಹೀಲಿಂಗ್ ವರ್ಡನ್ನು ಹೀಗೆ ಹಿಡಿದಿಡಲು ಬರುವುದಿಲ್ಲ, ಬೋನಸ್ ಆಕ್ಶನ್ ಸ್ಪೆಲ್‌ಗೆ ರೆಡಿ ಇಲ್ಲ. ಇದನ್ನು ತಪ್ಪಾಗಿ ಆಡದ ಟೇಬಲ್ ಅಪರೂಪ.

ಸತ್ತ ಮೇಲೆ

ರಿವಿವಿಫೈ ಮೂರನೇ ಮಟ್ಟ, 300 ನಾಣ್ಯದ ವಜ್ರ ಖರ್ಚು, ಸತ್ತು ಒಂದು ನಿಮಿಷದೊಳಗೆ, ಅಂದರೆ 10 ರೌಂಡ್. ಇದನ್ನೇ ಕಂಟಿಂಜೆನ್ಸಿಗೆ ಕೂಡಿಸಿ "ನಾನು ಸತ್ತ ಕೂಡಲೇ" ಅಂತ ಇಡಬಹುದೇ ಅನ್ನೋದು ಹಳೆಯ ವಾದ. ವಜ್ರವಂತೂ ಕೂಡಿಸುವಾಗಲೇ ಖರ್ಚು. ಆದರೆ ಕೂಡಿಸುವ ಹೊತ್ತಿಗೆ ನೀವು ಬದುಕಿದ್ದೀರಿ, ರಿವಿವಿಫೈ ಗುರಿ ಮಾಡೋದು ಸತ್ತವರನ್ನು. ಡಿಎಮ್ ಇಲ್ಲ ಅಂದರೆ ಜಗಳ ಮಾಡಬೇಡಿ, ನಿಯಮದ ಬಲ ಅವರ ಕಡೆಗೇ ವಾಲುತ್ತದೆ. ತಾನಾಗಿ ಮರಳಿ ಬರುವ ಖಾತ್ರಿ ದಾರಿ ಎಂಟನೇ ಮಟ್ಟದ ಕ್ಲೋನ್: 1,000 ನಾಣ್ಯದ ವಜ್ರ, 2,000 ನಾಣ್ಯದ ಪಾತ್ರೆ, ಬೆಳೆಯಲು 120 ದಿನ. ಕಪ್ಪತಗುಡ್ಡದ ಗವಿಯಲ್ಲಿ ಬಚ್ಚಿಟ್ಟರೂ ಆಯಿತು, ಆದರೆ ಜಗಳ ನಡೆಯುತ್ತಿರುವ ಜಾಗಕ್ಕೆ ವಾಪಸ್ ನಡೆದೇ ಬರಬೇಕು.

ಪಾಥ್‌ಫೈಂಡರ್‌ನಲ್ಲಿ ಲೆಕ್ಕ ತಿರುಗುತ್ತದೆ

2019ರ ಎರಡನೇ ಆವೃತ್ತಿಯಲ್ಲಿ ಬಿದ್ದರೆ ಡೈಯಿಂಗ್ (ಸಾವಿಗೆ ಎಷ್ಟು ಹತ್ತಿರ ಅನ್ನುವ ಅಂಕ) 1, ಕ್ರಿಟ್‌ಗೆ ಬಿದ್ದರೆ 2. ಡೈಯಿಂಗ್ 4 ಆದರೆ ಸಾವು. ಎದ್ದ ಪ್ರತಿ ಸಲ ವೂಂಡೆಡ್ (ಗಾಯದ ಅಂಕ) ಒಂದು ಏರುತ್ತದೆ, ಮುಂದಿನ ಸಲ ಬಿದ್ದಾಗ ಅದು ಡೈಯಿಂಗ್‌ಗೆ ಕೂಡುತ್ತದೆ. ಎರಡು ಸಲ ಎದ್ದವನು ಮೂರನೇ ಸಲ ಕ್ರಿಟ್‌ಗೆ ಬಿದ್ದರೆ 2 ಕೂಡಿಸು 2, ಅಲ್ಲಿಗೆ ಮುಗಿಯಿತು. ಹಾಗಾಗಿ ಐದನೇ ಆವೃತ್ತಿಯಲ್ಲಿ ಜಾಣತನವಾದ "ಬಿದ್ದ ಮೇಲೆ ಸ್ವಲ್ಪ ಕೊಟ್ಟು ಎಬ್ಬಿಸು" ಇಲ್ಲಿ ಕೊರಳಿಗೆ ಉರುಳು. ಬೀಳುವ ಮುಂಚೆಯೇ ತುಂಬಬೇಕು, ಇಲ್ಲವೇ ಎಬ್ಬಿಸುವಾಗ ಧಾರಾಳವಾಗಿ ಎಬ್ಬಿಸಬೇಕು.

ಒಂದು ಅನುಕೂಲ ಇದೆ: ಬಿದ್ದವನ ಪಾಳಿ ಅವನನ್ನು ಬೀಳಿಸಿದವನ ಪಾಳಿಗಿಂತ ಸ್ವಲ್ಪ ಮುಂಚೆಗೆ ಸರಿಯುತ್ತದೆ. ಹಾಗಾಗಿ ರಿಕವರಿ ದಾಳಕ್ಕೆ (ಡೆತ್ ಸೇವ್‌ಗೆ ಸಾಟಿಯಾದ ದಾಳಕ್ಕೆ) ಮುಂಚೆ ಪಂಗಡದ ಎಲ್ಲರಿಗೂ ಒಂದೊಂದು ಪಾಳಿ ಸಿಕ್ಕೇ ಸಿಗುತ್ತದೆ. ಮೊದಲ ಪುಸ್ತಕದ ಬ್ರೆತ್ ಆಫ್ ಲೈಫ್ ರಿಯಾಕ್ಶನ್ ಆಗಿ, 60 ಅಡಿ ದೂರದಿಂದ, ಸಾಯುವ ಕ್ಷಣಕ್ಕೇ ಹೊಡೆದು ಸಾವನ್ನು ತಡೆಯುತ್ತದೆ. ಎಂಟು ಮುಖದ ನಾಲ್ಕು ದಾಳ, ಮೇಲೆ ಸ್ಪೆಲ್ ಅಂಕ. ಡಿಸಿಂಟಿಗ್ರೇಟ್‌ಗೂ ಸಾವಿನ ಮಾಟಗಳಿಗೂ ನಡೆಯದು.

ಕೂಡಿಸುವ ಕ್ರಮ

12ನೇ ಲೆವೆಲ್ ಆಚೆ ಎರಡೂ ಸಾಧ್ಯವಿದ್ದರೆ ವಿಝಾರ್ಡ್ ಮೇಲೆ ಡೆತ್ ವಾರ್ಡೂ ಇರಲಿ, ಸೊನ್ನೆಯ ಷರತ್ತಿನ ಕಂಟಿಂಜೆನ್ಸಿಯೂ ಇರಲಿ. ಒಂದು ಇನ್ನೊಂದನ್ನು ತಿನ್ನುವುದಿಲ್ಲ. ಮೊದಲ ಏಟಿಗೆ ವಾರ್ಡ್ 1ಕ್ಕೆ ನಿಲ್ಲಿಸುತ್ತದೆ. ಸೊನ್ನೆಗೆ ಬಂದಿಲ್ಲವಾದ್ದರಿಂದ ಕಂಟಿಂಜೆನ್ಸಿ ಹಾಗೇ ಇದೆ. ಎರಡನೇ ಏಟಿಗೆ ಸೊನ್ನೆ, ಕೂಡಲೇ ಕ್ಯೂರ್ ವೂಂಡ್ಸ್. ಮೂರನೆಯದು ಬಂದರೂ ಆ 25-50 ಎಚ್‌ಪಿಗೆ ಬೀಳುತ್ತದೆ. ಡೆತ್ ಸೇವ್ ಪಟ್ಟಿಯಲ್ಲಿ ಒಂದು ಗೀಟೂ ಇಲ್ಲ.

ಶತ್ರುವಿನ ಬಳಿ ಡಿಸ್ಪೆಲ್ ಮ್ಯಾಜಿಕ್ ಇದ್ದರೆ, ಮೂರನೇ ಮಟ್ಟದ ಸ್ಲಾಟ್‌ನಿಂದ ವಾರ್ಡ್ ಕಳಚಲು ಅವನಿಗೆ ಬೇಕಾದ ಅಂಕ 14, ಕಂಟಿಂಜೆನ್ಸಿಗೆ 16. ಆಂಟಿಮ್ಯಾಜಿಕ್ ಫೀಲ್ಡ್ ಒಳಗೆ ಎರಡೂ ಕೆಲಸ ಮಾಡವು.

ಇವೆಲ್ಲ ಒಂದು ಚೀಟಿಯ ಮೇಲೆ ಟೇಬಲ್ ನಡುವೆ ಇರಲಿ: ಷರತ್ತಿನ ಪೂರ್ತಿ ಮಾತು, ಕೂಡಿಸಿದ ಸ್ಪೆಲ್, ಸ್ಲಾಟ್ ಮಟ್ಟ, ಆಟದೊಳಗೆ ಯಾವ ದಿನ ಹಾಕಿದ್ದು, ಹತ್ತನೇ ದಿನ ಯಾವಾಗ, ವಾರ್ಡ್ ಎಷ್ಟು ಗಂಟೆಗೆ ಹಾಕಿದ್ದು. ಕೊನೆಗೆ ಒಂದು ಸಾಲು ಬಹಳ ಜನ ಬಿಡುತ್ತಾರೆ, ಮೂರ್ತಿ ಎಲ್ಲಿದೆ ಅಂತ. ಚೀಲದಲ್ಲಿ ಅಂತ ಬರೆದರೆ ಚೀಲ ಕತ್ತೆಯ ಮೇಲಿದ್ದ ದಿನ ಸ್ಪೆಲ್ ಇಲ್ಲ. ಕೊರಳಲ್ಲಿ, ಅಂಗಿಯ ಒಳಗೆ, ಅಂತ ಬರೆಯಿರಿ.